ಕುಸುಬೆಯ ಲಾಂಛನ

ನನ್ನ ಅಪ್ಪ ಕೊಟ್ಟೂರಿನಲ್ಲಿ ಬೋರ್ಡು ಬರೆಯುವ ಪೇಂಟರ್. ಕಿರಾಣಿ ಅಂಗಡಿ, ಲಾರಿಯ ಹಣೆ, ಶಾಲೆಯ ಗೋಡೆ, ಎಲ್ಲ ಕಡೆ ಅವನದೇ ಅಕ್ಷರ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅವನ ಬಲಗೈ ನಡುಗಲು ಶುರುವಾಯಿತು. ಒಂದು ನೇರ ಗೆರೆ ಎಳೆಯಬೇಕಾದರೂ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದ. ಗಿರಾಕಿಗಳು ಬಂದು ನೋಡುತ್ತಿದ್ದರು, ಮತ್ತೆ ಬರುತ್ತಿರಲಿಲ್ಲ. ನಾನು ಆಗ ಕೂಡ್ಲಿಗಿಯ ಒಂದು ಕಚೇರಿಯಲ್ಲಿ ಟೈಪಿಸ್ಟ್. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ಅಂಥ ಹೊತ್ತಿನಲ್ಲಿ ಕೆನಡಾದಿಂದ ಒಂದು ಪತ್ರ ಬಂತು. ಬರೆದವರು ನಮ್ಮ ಸೀಮೆಯ ಮಿಷನ್ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ಇದ್ದು ಹೋದ ಡಾಕ್ಟರಮ್ಮ. ಆಸ್ಪತ್ರೆಯ ಬೋರ್ಡುಗಳನ್ನೆಲ್ಲ ಅಪ್ಪನೇ ಬರೆದಿದ್ದ. ಡಾಕ್ಟರಮ್ಮನ ಅಜ್ಜ ಸ್ಕಾಟ್ಲೆಂಡ್ ಬಿಟ್ಟು ಕೆನಡಾಕ್ಕೆ ಹೋದವರಂತೆ. ಹಾಗೆ ಹೋದವರ ಮಕ್ಕಳು ಮೊಮ್ಮಕ್ಕಳು ಸೇರಿ ಅಲ್ಲೊಂದು ಸಂಘ ಕಟ್ಟಿಕೊಂಡಿದ್ದರು. ಸಂಘಕ್ಕೆ, ಇಂಥ ಲಾಂಛನಗಳನ್ನು ದಾಖಲು ಮಾಡುವ ಸ್ಕಾಟ್ಲೆಂಡಿನ ಸರ್ಕಾರಿ ಕಚೇರಿಯಿಂದ ಒಂದು ಲಾಂಛನ ಮಂಜೂರಾಗಿತ್ತು. ಅದನ್ನು ತಮ್ಮ ಸಭಾಂಗಣದ ಗೋಡೆಗೆ ಹಾಕಲು ಹಲಗೆಯ ಮೇಲೆ ಬರೆದುಕೊಡಬೇಕೆಂದು ಕೇಳಿದ್ದರು. ಜೊತೆಯಲ್ಲಿ ಗುರಾಣಿಯ ಆಕಾರದ ಕಪ್ಪು ಬಿಳುಪು ಚಿತ್ರ, ಬಣ್ಣಗಳನ್ನು ಇಂಗ್ಲಿಷಿನಲ್ಲಿ ವಿವರಿಸಿದ ಒಂದು ಹಾಳೆ.

ಹಾಳೆಯನ್ನು ನಾನು ಓದಿ ಹೇಳಿದೆ. ನೀಲಿ ನೆಲ, ಮೂಲೆಯಿಂದ ಮೂಲೆಗೆ ಎರಡು ಬಿಳಿ ಪಟ್ಟಿ, ನಡುವೆ ಒಂದು ಮುಳ್ಳುಗಿಡದ ಹೂವು, ಅದು ಅದರ ಸಹಜ ಬಣ್ಣದಲ್ಲಿರಬೇಕು.

ಅಪ್ಪ ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದ. "ಯವ್ವಾ, ಇದು ಕುಸುಬಿ ಅಲ್ಲೇನು?" ಎಂದು ನನ್ನನ್ನು ಕೇಳಿದ.

ನಾನೂ ಬಗ್ಗಿ ನೋಡಿದೆ. ಅಂಚಿಗೆಲ್ಲ ಮುಳ್ಳಿದ್ದ ಎಲೆ, ಉಬ್ಬಿದ ಮೊಗ್ಗು, ಅದರ ತಲೆಯ ಮೇಲೆ ಕುಚ್ಚಿನಂಥ ಹೂವು. ದನ ನುಗ್ಗದಿರಲೆಂದು ಜೋಳದ ಹೊಲದ ಸುತ್ತ ನಾವು ಬಿತ್ತುವ ಕುಸುಬೆಯೇ. "ಹೂಂ ಅಪ್ಪ, ಕುಸುಬಿನೇ" ಎಂದುಬಿಟ್ಟೆ. ನಾಲ್ಕಕ್ಷರ ಇಂಗ್ಲಿಷ್ ಕಲಿತು ಎಲ್ಲವೂ ಗೊತ್ತು ಎಂದುಕೊಂಡಿದ್ದ ವಯಸ್ಸು ಅದು. ಡಾಕ್ಟರಮ್ಮನಿಗೆ ಒಂದು ಕಾಗದ ಹಾಕಿ ಕೇಳಬಹುದಿತ್ತು. ಕೇಳಲಿಲ್ಲ.

"ನಮಗ ಬೆಡಗು ಇದ್ದಂಗ ಅವರಿಗೆ ಇದು" ಎಂದ ಅಪ್ಪ. ನಮ್ಮ ಜನರಲ್ಲಿ ಒಂದೊಂದು ಬೆಡಗಿನವರಿಗೆ, ಅಂದರೆ ಒಂದೊಂದು ವಂಶದವರಿಗೆ, ಒಂದೊಂದು ಗಿಡವೋ ಪ್ರಾಣಿಯೋ ಇರುತ್ತದೆ. ಅದನ್ನು ಅವರು ಕಡಿಯುವುದಿಲ್ಲ, ತಿನ್ನುವುದಿಲ್ಲ. ಅವತ್ತು ಅವ್ವ ಕುಸುಬೆಯ ಎಳೆ ಸೊಪ್ಪು ಸೋಸುತ್ತ ಕೂತಿದ್ದಳು. ರೊಟ್ಟಿಯ ಜೊತೆ ಆ ಸೊಪ್ಪಿನ ಪಲ್ಯ ಇದ್ದರೆ ಅಪ್ಪ ಬೇರೇನೂ ಕೇಳುತ್ತಿರಲಿಲ್ಲ. ಅಂಥವನು ಅವ್ವನಿಗೆ, "ಇದನ್ನ ಇನ್ನ ನನ್ನ ಗಂಗಾಳಕ್ಕ ಹಾಕಬ್ಯಾಡ. ಅವರ ಬೆಡಗಿನ ಗಿಡ ಬರಿಯಾಕ ಹತ್ತೀನಿ" ಎಂದ.

"ಅವರ ಬೆಡಗಾದ್ರ ಅವರು ಬಿಡ್ಲಿ. ನಿಮಗ್ಯಾಕ್ರಿ?"

"ನಾನು ಬರೆದದ್ದು ಅಲ್ಲಿ ಗ್ವಾಡಿ ಮ್ಯಾಲೆ ಇರೋತನಕ ನಾನೂ ಬಿಟ್ಟೆ."

ಅವ್ವ ನಕ್ಕಳು. ನಾನೂ ನಕ್ಕೆ.

ಬೋರ್ಡು ಮುಗಿಯಲು ಎರಡು ತಿಂಗಳ ಮೇಲೆ ಹಿಡಿಯಿತು. ಕೈ ಸ್ವಲ್ಪ ನಿಂತಂತಾದಾಗ ಒಂದು ಗೆರೆ ಎಳೆಯುತ್ತಿದ್ದ. ಮತ್ತೆ ಅದುರಿದರೆ ಕುಂಚ ಇಟ್ಟು ಬೀಡಿ ಹಚ್ಚುತ್ತಿದ್ದ. ಹೂವಿನ ಕೆಲಸಕ್ಕೆ ಬರುವಷ್ಟರಲ್ಲಿ ಹೊಲದಲ್ಲಿ ಕುಸುಬೆ ಅರಳಿತ್ತು. ಗಾಳಿಗೆ ಮುರಿದು ಬಿದ್ದಿದ್ದ ಒಂದು ಟೊಂಗೆ ತಂದು, ಮುಳ್ಳು ಚುಚ್ಚಿಸಿಕೊಂಡೇ ತಿರುಗಿಸಿ ತಿರುಗಿಸಿ ನೋಡಿದ. ಮೇಲೆ ಅರಿಶಿನ ಬಣ್ಣ, ಬುಡದಲ್ಲಿ ಕೇಸರಿ, ಬಾಡುವ ಎಸಳಿಗೆ ಕೆಂಪು. ಅವನ ಜೀವಮಾನದಲ್ಲಿ ಅಷ್ಟು ಚೆಂದದ ಕೆಲಸ ಇನ್ನೊಂದಿಲ್ಲ. ಇದು ಮಗಳ ಹೊಗಳಿಕೆ ಎಂದರೂ ಅನ್ನಿ. "ಇದು ಕಡೀದು. ಇನ್ನ ಕುಂಚ ಹಿಡಿಯಂಗಿಲ್ಲ" ಎಂದ. ನಾವು ಹಲಗೆಗೆ ಬಿಳಿ ಬಟ್ಟೆ ಸುತ್ತಿ ಹೊಲಿದು, ಅರಗು ಹಾಕಿ, ಅಂಚೆಗೆ ಕೊಟ್ಟೆವು.

ಉತ್ತರ ಮಳೆಗಾಲದಲ್ಲಿ ನನ್ನ ಕಚೇರಿಯ ವಿಳಾಸಕ್ಕೆ ಬಂತು. ಡಾಕ್ಟರಮ್ಮ ಬಹಳ ನೊಂದುಕೊಂಡು ಬರೆದಿದ್ದರು. ಅದು ಕುಸುಬೆಯಲ್ಲವಂತೆ, ಸ್ಕಾಟ್ಲೆಂಡಿನ ಬೇರೊಂದು ಮುಳ್ಳುಗಿಡವಂತೆ, ಅದರ ಹೂವು ನೇರಳೆ ಬಣ್ಣದ್ದಂತೆ. ಲಾಂಛನವನ್ನು ಬಣ್ಣದ ಸಮೇತ ರಿಜಿಸ್ಟರಿನಲ್ಲಿ ಬರೆದಿರುತ್ತಾರೆ, ಅದನ್ನು ಬದಲಿಸುವ ಹಕ್ಕು ಸಂಘಕ್ಕೂ ಇಲ್ಲವಂತೆ. ಹಳದಿ ಹೂವಿನದನ್ನು ತಮ್ಮ ಲಾಂಛನವೆಂದು ತೂಗುಹಾಕುವಂತಿಲ್ಲ ಎಂದು ಸಮಿತಿಯವರು ತೀರ್ಮಾನಿಸಿ, ಅಲ್ಲಿಯವರೇ ಒಬ್ಬರಿಂದ ಬೇರೆ ಬರೆಸಿದ್ದರು. ಅಪ್ಪನ ಹಲಗೆ ಬಟ್ಟೆ ಸುತ್ತಿಕೊಂಡು ಡಾಕ್ಟರಮ್ಮನ ಕಪಾಟಿನಲ್ಲಿತ್ತು.

ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯಲಿಲ್ಲ. ರಿಜಿಸ್ಟರಿನಲ್ಲಿ ಇದ್ದದ್ದೇ ನಿಜ ಎಂದು ದಿನವಿಡೀ ಟೈಪು ಮಾಡುವವಳು ನಾನು. ಅವರದು ತಪ್ಪು ಎಂದು ಯಾವ ಬಾಯಿಂದ ಹೇಳಲಿ? ಬಸ್ಸಿನಲ್ಲಿ ಕೊಟ್ಟೂರಿನವರೆಗೂ, ಹೇಳಲು ಒಂದು ಮೆತ್ತನೆಯ ಮಾತು ಹುಡುಕಿದೆ. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ನನ್ನ ಕೈಯಲ್ಲಿದ್ದ ಲಕೋಟೆ ನೋಡಿದವನೇ ಎದ್ದು ನಿಂತ.

"ಗ್ವಾಡಿಗೆ ಹಾಕ್ಯಾರಂತೇನವ್ವಾ?"

"ಹಾಕ್ಯಾರಂತಪ್ಪ."

ಅಷ್ಟೇ ಹೇಳಿದ್ದು. ಮಿಕ್ಕಿದ್ದೆಲ್ಲ ಅವನೇ ಕಟ್ಟಿಕೊಂಡ. ಚಹದಂಗಡಿಯಲ್ಲಿ ಹೇಳಿದ, ಹಗರಿಬೊಮ್ಮನಹಳ್ಳಿಯ ಬೀಗರಿಗೆ ಹೇಳಿದ. ದೊಡ್ಡ ಹಾಲಂತೆ, ಒಳಗೆ ಹೋಗುವವರಿಗೆ ಮೊದಲು ಕಾಣುವುದೇ ಅದಂತೆ. ಹಳೆಯ ಗಿರಾಕಿಗಳು ಮತ್ತೆ ಅವನನ್ನು ಮಾತಾಡಿಸತೊಡಗಿದರು. ನನಗೆ ಬಾಯಿ ಬಿಡಲು ಜಾಗವೇ ಉಳಿಯಲಿಲ್ಲ.

ಅಪ್ಪ ಮಾತು ಉಳಿಸಿಕೊಂಡ. ಪ್ರತಿ ಚಳಿಗಾಲ ಅವ್ವ ನಮಗಾಗಿ ಕುಸುಬೆ ಪಲ್ಯ ಮಾಡಿದಾಗ ಅವನು ಚಟ್ನಿ ಹಚ್ಚಿಕೊಂಡು ರೊಟ್ಟಿ ತಿಂದು ಏಳುತ್ತಿದ್ದ. ಲಕೋಟೆ ನನ್ನ ಟ್ರಂಕಿನ ತಳದಲ್ಲಿತ್ತು.

ಏಳನೆಯ ಚಳಿಗಾಲಕ್ಕೆ ಅವನು ಹಾಸಿಗೆ ಹಿಡಿದ. ಬಾಯಿಗೆ ಏನೂ ರುಚಿಸುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವ್ವ, "ಏನರ ತಿನಬೇಕು ಅನಸ್ತೈತೇನ್ರಿ?" ಎಂದು ಕೇಳಿದಳು. ಅಪ್ಪ, "ಕುಸುಬಿ ಪಲ್ಯ" ಎಂದ. ಅವ್ವ ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟಳು.

"ಬ್ಯಾಡ, ಬ್ಯಾಡ. ಬಾಯಿಗೆ ಬಂತು, ಅಂದೆ. ಅಲ್ಲಿ ಬೋರ್ಡು ಐತಲ್ಲ" ಎಂದು ಅಪ್ಪ ನನ್ನ ಕಡೆ ತಿರುಗಿದ. "ಐತಲ್ಲೇನವ್ವಾ ಇನ್ನೂ?"

ಇಲ್ಲ ಎಂದಿದ್ದರೆ ಅವನಿಗೆ ಪಲ್ಯ ಸಿಗುತ್ತಿತ್ತು.

"ಐತಪ್ಪ" ಎಂದೆ. ಅವ್ವ ಗಂಜಿ ಕಾಸಲು ಒಳಗೆ ಹೋದಳು.