ಅಕ್ಕನ ಕಣ್ಣಿಗೆ ಕರೆಂಟು

ಅರಸೀಕೆರೆಯಲ್ಲಿ ಬೆಳಗಿನ ಬಸ್ಸು ಹತ್ತುವಾಗಲೇ ನನ್ನ ತಲೆ ಕೆಟ್ಟಿತ್ತು. ಹಿಂದಿನ ಸಂಜೆ ಬೇಲೂರಿನಿಂದ ಅಕ್ಕ ಫೋನ್ ಮಾಡಿ, "ಆಸ್ಪತ್ರೆಗೆ ಹೋಗೋದು ಬೇಡ ಅಂತ ನಿಮ್ಮ ಭಾವ ತೀರ್ಮಾನ ಮಾಡವ್ರೆ ಕಣೇ" ಎಂದು ಪಿಸುಗುಟ್ಟಿದ್ದಳು. ಬೆಂಗಳೂರಿನ ಡಾಕ್ಟರು ಕೊಟ್ಟಿದ್ದ ದಿನ ತಪ್ಪಿ ಆಗಲೇ ತಿಂಗಳಾಗುತ್ತ ಬಂದಿತ್ತು. ನನಗೆ ಯಾರೂ ಹೇಳಿರಲಿಲ್ಲ.

ಅಕ್ಕನ ಬಲಗಣ್ಣಿನ ಹಿಂಭಾಗದಲ್ಲಿ ರಕ್ತನಾಳಗಳು ಸೇರಿಕೊಂಡು ಸಣ್ಣ ಗಡ್ಡೆಯಾಗಿದೆ. ಕ್ಯಾನ್ಸರ್ ಅಲ್ಲ, ಎಲ್ಲಿಗೂ ಹರಡುವುದಿಲ್ಲ. ಆದರೆ ಅದರಿಂದ ನೀರು ಜಿನುಗಿ ಒಳಗಿನ ಪರದೆ ಮೇಲೇಳುತ್ತಿದೆ. ರೇಡಿಯೇಷನ್ ಕೊಟ್ಟರೆ ನೀರು ಆರುತ್ತದೆ, ತಡಮಾಡಿದರೆ ದೃಷ್ಟಿ ಹೋಗುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಹೊರಗೆ ಬಂದ ಮೇಲೆ ನರ್ಸಮ್ಮ, ಸುಲಭವಾಗಿ ಅರ್ಥವಾಗಲೆಂದು, "ಕಣ್ಣಿಗೆ ಕರೆಂಟ್ ಕೊಡ್ತಾರಷ್ಟೆ" ಎಂದುಬಿಟ್ಟಳು. ನಮ್ಮ ಕಡೆ ಕರೆಂಟು ಕೊಡುವುದೆಂದರೆ ಕ್ಯಾನ್ಸರ್ ಎಂದೇ ಅರ್ಥ. ಡಾಕ್ಟರು ಹೇಳಿದ್ದೆಲ್ಲ ಆಸ್ಪತ್ರೆಯಲ್ಲೇ ಉಳಿಯಿತು, ಆ ಒಂದು ಮಾತು ಮಾತ್ರ ಬೇಲೂರಿಗೆ ಬಂತು.

ಹೆಂಗಸರಿಗೆ ಟಿಕೆಟ್ ಉಚಿತವಾದ್ದರಿಂದ ಬಸ್ಸು ತುಂಬಿತ್ತು. ಜಾವಗಲ್ಲಿನಲ್ಲಿ ಹತ್ತಿದ ಭಾವನ ಸೋದರತ್ತೆ ನನ್ನ ಪಕ್ಕದಲ್ಲೇ ಒತ್ತರಿಸಿ ಕೂತರು.

"ನಿಮ್ಮಕ್ಕಂಗೆ ಕರೆಂಟ್ ಇಡ್ತಾರಂತಲ್ಲವ್ವಾ. ಇನ್ನೆಷ್ಟು ದಿನ ಐತಂತೆ?"

"ಅವಳಿಗೇನೂ ಆಗಿಲ್ಲ ಅತ್ತೆ. ಇನ್ನೂ ನಲವತ್ತು ವರ್ಷ ಇರ್ತಾಳೆ" ಎಂದೆ. ಹಿಂದಿನ ಸೀಟಿನವರೂ ತಿರುಗಿ ನೋಡುವಷ್ಟು ಜೋರಾಗಿಯೇ ಎಂದೆ. ಹಳೇಬೀಡಿನಲ್ಲಿ ಬೇರೆ ಸೀಟು ಖಾಲಿಯಾದದ್ದೇ ಅವರು ಎದ್ದು ಅಲ್ಲಿ ಹೋಗಿ ಕೂತರು, ನನಗೂ ಅದೇ ಬೇಕಿತ್ತು.

ಬೇಲೂರಿನಲ್ಲಿ ತುಂತುರು ಮಳೆ. ದೇವಸ್ಥಾನದ ಬೀದಿಯಲ್ಲಿ ಭಾವನ ಪಾತ್ರೆ ಅಂಗಡಿ, ಅದರ ಹಿಂದೆಯೇ ಮನೆ. ಅಡುಗೆಮನೆಗೆ ಹೋದರೆ ಕಿಟಕಿಯ ಕಟ್ಟೆ ಮೇಲೆ ಒಂದು ತಟ್ಟೆ, ಒಂದು ಲೋಟ ಬೇರೆಯಾಗಿ ಇಟ್ಟಿದ್ದರು. ಯಾರದ್ದೆಂದು ಕೇಳಬೇಕಾಗಿರಲಿಲ್ಲ. ಮೈ ಉರಿದುಹೋಯಿತು. ಅಂಗಡಿ ತುಂಬ ಪಾತ್ರೆ ಇರುವ ಮನೆಯಲ್ಲಿ ನನ್ನ ಅಕ್ಕನಿಗೆ ಬೇರೆ ಲೋಟ! ಆ ಲೋಟವನ್ನೇ ತೊಳೆದು, ಅದರಲ್ಲೇ ನೀರು ತುಂಬಿಕೊಂಡು, ಅಂಗಡಿಗೆ ಬಂದು ಭಾವನ ಎದುರಿಗೆ ನಿಂತು ಕುಡಿದೆ.

"ಕ್ಯಾನ್ಸರ್ ಅಲ್ಲ ಅಂದ್ಮೇಲೆ ಕರೆಂಟ್ ಯಾಕೆ ಕೊಡ್ತಾರೆ, ನೀನೇ ಹೇಳು" ಎಂದರು ಭಾವ. "ನಮ್ಮವ್ವಂಗೂ ಹಿಂಗೇ ಬರೀ ಗಡ್ಡೆ ಅಂದ್ರು. ಕರೆಂಟ್ ಕೊಟ್ರು. ಆಮೇಲೆ ಅವ್ವ ಉಳೀಲಿಲ್ಲ."

"ಅದು ಗಂಟಲಿನ ಕ್ಯಾನ್ಸರ್ ಭಾವ. ನಿಮಗೆ ಹೇಳೋಕೆ ಹೆದರಿ ಗಡ್ಡೆ ಅಂದಿರ್ತಾರೆ. ಇದು ರಕ್ತನಾಳದ್ದು. ಡಾಕ್ಟ್ರು ನಿಮ್ಮೆದುರಿಗೇ ಹೇಳಿದ್ರಲ್ಲ?"

"ಮಗಳಿಗೆ ಗಂಡು ನೋಡ್ತಾ ಇದೀವಿ ಕಣಮ್ಮ. ತಾಯಿಗೆ ಕರೆಂಟ್ ಕೊಡ್ಸಿದಾರೆ ಅಂತ ಗೊತ್ತಾದ್ರೆ ಯಾರು ಬತ್ತಾರೆ?"

ಹೆಂಡತಿ ಸಾಯುತ್ತಾಳೆಂಬ ಭಯವನ್ನಾದರೂ ಕ್ಷಮಿಸಬಹುದಿತ್ತು. "ಹಾಗಾದ್ರೆ ಅವಳು ಕುರುಡಿ ಆದ್ರೆ ಬರ್ತಾರಾ?" ಎಂದು ಕೂಗಿದೆ. ಅಂಗಡಿಯಲ್ಲಿ ಕುಕ್ಕರ್ ನೋಡುತ್ತಿದ್ದ ಗಿರಾಕಿ ಹಾಗೇ ಇಟ್ಟು ಹೊರಟುಹೋದ. ಭಾವ ಆ ಕುಕ್ಕರನ್ನು ಎತ್ತಿ ಅದರ ಜಾಗಕ್ಕೆ ಇಟ್ಟರು. ಅಷ್ಟರಲ್ಲಿ ಒಳಗಿನಿಂದ ಅಕ್ಕ ಬ್ಯಾಗು ಹಿಡಿದೇ ಬಂದಳು.

"ಇಬ್ರೂ ಕಿತ್ತಾಡಿದ್ದು ಸಾಕು. ಕಣ್ಣು ನಂದು, ನಾನು ಹೋಯ್ತೀನಿ."

ಹೊಸ್ತಿಲು ದಾಟುವಾಗ ಭಾವ ಹೇಳಿದ್ದು ಒಂದೇ ಮಾತು: "ಯಾರಾದ್ರೂ ಕೇಳಿದ್ರೆ ಪೊರೆ ಆಪರೇಷನ್ ಅನ್ನು."

ಅರಸೀಕೆರೆಯಿಂದ ರಾತ್ರಿಯ ರೈಲು ಹಿಡಿಯುವುದೆಂದು ತಿರುಗಿ ಹಳೇಬೀಡಿನ ದಾರಿಯ ಬಸ್ಸನ್ನೇ ಹತ್ತಿದೆವು. ದಾರಿಯುದ್ದಕ್ಕೂ ನಾನು ಭಾವನನ್ನೂ, ಅವರ ಸೋದರತ್ತೆಯನ್ನೂ, ಆ ನರ್ಸಮ್ಮನನ್ನೂ ಬೈಯುತ್ತಲೇ ಇದ್ದೆ. ಹಳೇಬೀಡಿನಲ್ಲಿ ಡ್ರೈವರು ಟೀ ಕುಡಿಯಲು ಇಳಿದ. ಮಳೆ ನಿಂತಿತ್ತು, ಕಿಟಕಿಯಾಚೆ ಗುಡಿ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಅಕ್ಕ ಎಡಗಣ್ಣಿಗೆ ಅಂಗೈ ಮುಚ್ಚಿಕೊಂಡು ಆ ಕಡೆ ನೋಡಿದಳು.

"ಆಸ್ಪತ್ರೆಯಿಂದ ಬರೋವಾಗ ಇಲ್ಲೇ ಬಸ್ ನಿಂತಿತ್ತು. ಆವತ್ತು ಗುಡಿ ಗೋಡೆ ಸೊಟ್ಟಗೆ ಕಾಣ್ತಿತ್ತು ಕಣೇ."

"ಈಗ?"

"ಈಗ ಗುಡೀನೇ ಇಲ್ಲ."

ಅಂಗೈ ತೆಗೆಯದೆಯೇ ನನ್ನ ಕಡೆ ತಿರುಗಿದಳು. "ಕರೆಂಟ್ ಕೊಟ್ರೆ ಮತ್ತೆ ಕಾಣ್ತದಾ?"

ಬೆಳಿಗ್ಗೆಯಿಂದ ಎಲ್ಲರಿಗೂ ಉತ್ತರ ಕೊಟ್ಟುಕೊಂಡು ಬಂದಿದ್ದ ನಾನು ಅವಳ ಅಂಗೈಯನ್ನು ಮೆಲ್ಲಗೆ ಎಡಗಣ್ಣಿನಿಂದ ಸರಿಸಿ, ಅವಳ ಮುಖವನ್ನು ಮತ್ತೆ ಗುಡಿಯ ಕಡೆ ತಿರುಗಿಸಿದೆ.