ನಾಲ್ಕು ಟೇಕಿನ ಬೀಗರೂಟ

ಮಂಡ್ಯದಲ್ಲಿ, ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಭಾನುವಾರಗಳಂದು ನಾನು ಸಿನಿಮಾ ಕಲಿತೆ. ವಾರದ ಉಳಿದ ದಿನ ಹನಕೆರೆ ಪಕ್ಕದ ನಮ್ಮೂರಿನಿಂದ ಮದ್ದೂರಿಗೆ ಹೋಗಿ ಖಾಸಗಿ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಹೇಳುತ್ತಿದ್ದೆ. ಚಿತ್ರಕಥೆ, ನಿರ್ದೇಶನ, ಅಭಿನಯ ಮೂರನ್ನೂ ಆರು ತಿಂಗಳಲ್ಲಿ ಕಲಿಸಿಬಿಡುತ್ತೇವೆ ಎಂದು ಬೋರ್ಡು ಹೇಳುತ್ತಿತ್ತು. ಕೆಳಗೆ ಕಬ್ಬಿಣ ಬಡಿಯುವ ಸದ್ದು. ಮೇಲೆ ನಾವು ತೆರೆಯ ಮೇಲಿನ ಮೌನದ ಬಗ್ಗೆ ಪಾಠ ಕೇಳುತ್ತಿದ್ದೆವು.

ಗುರುಗಳು ಬೆಂಗಳೂರಿನಿಂದ ಬರುತ್ತಿದ್ದರು. ಒಂದು ಚಿತ್ರಕ್ಕೆ ಸಹನಿರ್ದೇಶಕರಾಗಿದ್ದರಂತೆ. ಅದು ಬಿಡುಗಡೆಯಾಗಿರಲಿಲ್ಲ, ಹಾಗಾಗಿ ಅದು ಶ್ರೇಷ್ಠ ಚಿತ್ರವಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಬಿರುಬೇಸಗೆಯಲ್ಲೂ ಕೊರಳಿಗೆ ಉಣ್ಣೆಯ ಮಫ್ಲರು ಸುತ್ತಿಕೊಂಡು, ಎರಡೂ ಕೈಯ ಬೆರಳುಗಳಿಂದ ಚೌಕಟ್ಟು ಮಾಡಿ ನಮ್ಮನ್ನು ಅದರೊಳಗಿಂದ ನೋಡುತ್ತಿದ್ದರು. ಅಭಿನಯದ ತರಗತಿಯಲ್ಲಿ ಒಮ್ಮೆ, "ಎಲ್ಲರೂ ಎಮ್ಮೆಯಾಗಿ" ಎಂದರು. ಬೆಸಗರಹಳ್ಳಿಯ ಸಹಪಾಠಿಯೊಬ್ಬ ನೆಲದ ಮೇಲೆ ಒರಗಿದವನು ಏಳಲೇ ಇಲ್ಲ. ಪಾತ್ರದೊಳಗೆ ಇಳಿಯುವುದೆಂದರೆ ಇದು ಎಂದು ಗುರುಗಳು ಬಹಳ ಹೊತ್ತು ಅವನನ್ನೇ ತೋರಿಸಿ ಮಾತಾಡಿದರು. ಅವನು ನಿದ್ದೆ ಹೋಗಿದ್ದ.

ಚಿತ್ರಕಥೆಯ ತರಗತಿಯಲ್ಲಿ ಅಪ್ಪಣೆಯಾದದ್ದು, "ನಿಮ್ಮ ಮನೆಯ ಗಾಯವೊಂದನ್ನು ತನ್ನಿ." ಮುಂದಿನ ವಾರ ಎಲ್ಲರೂ ಟಿಫಿನ್ ಬಾಕ್ಸಿನ ಜೊತೆ ಒಂದೊಂದು ಗಾಯ ತಂದರು. ನನ್ನದು ಸಿದ್ಧವಾಗಿಯೇ ಇತ್ತು.

ನಮ್ಮ ಅಪ್ಪನಿಗೂ ದೊಡ್ಡಪ್ಪನಿಗೂ ಮಾತಿಲ್ಲ. ಎರಡು ಮನೆಗೂ ಇರುವುದು ಒಂದೇ ಗೋಡೆ, ಗದ್ದೆಗೆ ಬರುವುದು ಒಂದೇ ಕಾಲುವೆ ನೀರು. ಹೇಳಲೇಬೇಕಾದ್ದನ್ನು ಅವರು ದನಕರುಗಳಿಗೆ ಹೇಳುತ್ತಾರೆ. "ನೀರು ಬುಟ್ಟವ್ರಂತೆ ಕಣೋ" ಎಂದು ಅಪ್ಪ ಕರುವಿನ ಕಿವಿ ಹಿಡಿದು ಕೂಗಿದರೆ ಆಚೆ ಕಡೆ ದೊಡ್ಡಪ್ಪ ಗುದ್ದಲಿ ಎತ್ತಿಕೊಳ್ಳುತ್ತಾನೆ. ಕರುಗಳು ಬದಲಾದವು, ಪದ್ಧತಿ ಬದಲಾಗಲಿಲ್ಲ. ಕಾರಣ ಒಂದು ಬೀಗರೂಟ. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಮಳವಳ್ಳಿ ಕಡೆಯ ನೆಂಟರ ಮನೆಯಲ್ಲಿ, ಮದುವೆ ಮುಗಿದ ಮೇಲಿನ ಬಾಡೂಟದ ಪಂಕ್ತಿಯಲ್ಲಿ, ಸಾರಿನ ಬಕೀಟು ಹಿಡಿದಿದ್ದ ದೊಡ್ಡಪ್ಪ ಅಪ್ಪನ ಎಲೆಯೊಂದನ್ನೇ ಬಿಟ್ಟು ಮುಂದಕ್ಕೆ ಹೋದ. ಅಪ್ಪ ಎದ್ದು ಬಂದ. ಇದು ಅಪ್ಪನ ಕಥೆ. ಬಕೀಟು ಖಾಲಿಯಾಗಿತ್ತು, ತುಂಬಿಸಿಕೊಂಡು ಬರುವಷ್ಟರಲ್ಲಿ ಅವನೇ ಎದ್ದುಹೋಗಿದ್ದ ಎನ್ನುವುದು ದೊಡ್ಡಪ್ಪನದು. ನನಗೂ ಚೆನ್ನಾಗಿ ನೆನಪಿದೆ: ನೀಲಿ ಶಾಮಿಯಾನ, ಅದರ ಹಗ್ಗ ದಾಟಿ ಹೋಗುತ್ತಿರುವ ಅಪ್ಪನ ಬೆನ್ನು. ಅವ್ವನನ್ನು ಕೇಳಿದರೆ, "ಯಾವ ಸಾಮಿಯಾನ? ತೆಂಗಿನ ತೋಟದಲ್ಲಿ ಕಣವ್ವ ಊಟ ಆಕಿದ್ದು. ನಿಂಗೆ ಜರ ಬಂದು ಇಲ್ಲೇ ಮನಗಿದ್ದೆ, ನೀನೆಲ್ಲಿ ಬಂದಿದ್ದೆ?" ಎಂದಳು. ಹಾಗಾದರೆ ನನ್ನ ತಲೆಯೊಳಗೆ ಇಷ್ಟು ವರ್ಷ ನಡೆದುಹೋಗುತ್ತಿರುವ ಆ ಬೆನ್ನು ಯಾರದು?

ಇದನ್ನೆಲ್ಲ ಹೀಗೇ ಬರೆದು ಕೊಟ್ಟೆ. ಮೂರು ಕಥೆ, ಮೂರೂ ಬೇರೆ, ಯಾವುದೂ ಖಚಿತವಲ್ಲ. ಗುರುಗಳು ಓದಿ, "ಪ್ರೇಕ್ಷಕನಿಗೆ ಒಂದೇ ಸತ್ಯ ಬೇಕಮ್ಮ" ಎಂದರು. ಅಣ್ಣ ಎಲೆ ಬಿಡುತ್ತಾನೆ, ತಮ್ಮ ಏಳುತ್ತಾನೆ, ಕೊನೆಗೆ ಮತ್ತೊಂದು ಪಂಕ್ತಿಯಲ್ಲಿ ತಮ್ಮನೇ "ಅಣ್ಣಾ, ಇನ್ನೊಂದು ಮುದ್ದೆ ಹಾಕು" ಎನ್ನುತ್ತಾನೆ, ಕಣ್ಣೀರು, ಮುಕ್ತಾಯ. ಕೋರ್ಸಿನ ಕೊನೆಗೆ ತೆಗೆಯುವ ಕಿರುಚಿತ್ರಕ್ಕೆ ಅದೇ ಆಯ್ಕೆಯಾಯಿತು, ನಿರ್ದೇಶಕಿ ನಾನೇ.

ಅವ್ವನಿಗೆ ಆ ಕೊನೆಯ ಮಾತು ಓದಿ ಹೇಳಿದೆ. ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಿದಳು.

"ಅದೊಂದ್ ಮಾತು ಆಡ್ಸ್‌ಬುಡು ಮಗಾ. ಸಿನಿಮಾದಲ್ಲಾದ್ರೂ ಸರಿ. ಒಂದ್ ಸತಿ ಬಾಯಿಂದ ಬಿದ್ರೆ ಸಾಕು, ಆಮೇಕೆ ತಾನೇ ದಾರಿ ಆಯ್ತದೆ."

ಆವತ್ತಿನಿಂದ ನನಗೆ ಸಿನಿಮಾ ಎಂದರೆ ಅದೊಂದೇ ವಾಕ್ಯವಾಯಿತು. ಅಪ್ಪನ ಪಾತ್ರಕ್ಕೆ ಅಪ್ಪ, ದೊಡ್ಡಪ್ಪನ ಪಾತ್ರಕ್ಕೆ ದೊಡ್ಡಪ್ಪ. ಇಬ್ಬರನ್ನೂ ಬೇರೆಬೇರೆಯಾಗಿ ಒಪ್ಪಿಸಿದೆ. ಎದುರಿಗೆ ಯಾರಿರುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಕೇಳಲಿಲ್ಲ.

ಶೂಟಿಂಗು ನಮ್ಮೂರ ಕಣದಲ್ಲಿ. ಮಟನ್ನಿಗೆ ಸ್ಪಂಜು ಕತ್ತರಿಸಿ ಕಂದು ಬಣ್ಣ ಹಚ್ಚಬಹುದು, ತೆರೆಯ ಮೇಲೆ ಗೊತ್ತಾಗುವುದಿಲ್ಲ ಎಂದು ಗುರುಗಳು ಹೇಳಿದ್ದರು. ದೊಡ್ಡಪ್ಪ ಸ್ಪಂಜಿನ ತುಂಡನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಬೀಗರೂಟ ಅಂತ ಕರ್ದು ಇದ್ನ ಬಡಿಸ್ಲಾ? ನಾಳಿಕೆ ಕೊತ್ತತ್ತಿ ಊರ್ಗಂಟ ಮಾತಾಯ್ತದೆ" ಎಂದ. ಕುರಿ ಬಂತು. ಮುದ್ದೆ, ಬೋಟಿ ಗೊಜ್ಜು, ಮಟನ್ ಸಾರು ಎಲ್ಲ ನಿಜವಾಗಿಯೇ ಬೆಂದವು. ನಟರಾಗಿ ಬಂದ ಊರವರು ರಿಹರ್ಸಲ್ಲಿನಲ್ಲೇ ಅರ್ಧ ಊಟ ಮುಗಿಸಿದರು.

ಮೊದಲನೇ ಟೇಕು. ದೊಡ್ಡಪ್ಪ ಬಕೀಟು ಹಿಡಿದು ಪಂಕ್ತಿಯುದ್ದಕ್ಕೂ ಬಂದ. ಅಪ್ಪನ ಎಲೆ ಬಂತು. ಸೌಟು ಬಾಗಿತು. ನಾಲ್ಕು ತುಂಡು, ಮೇಲೆ ಸಾರು.

"ಕಟ್! ಯಜಮಾನರೇ, ನೀವು ಅವರನ್ನ ಬಿಟ್ಟು ಮುಂದೆ ಹೋಗಬೇಕು" ಎಂದರು ಗುರುಗಳು.

"ಯಾಕೆ ಸ್ವಾಮಿ?" ದೊಡ್ಡಪ್ಪ ಕೇಳಿದ.

"ಕಥೆಯಲ್ಲಿ ಹಾಗಿದೆ."

"ಕತೇಲಿ ಇರ್ಬೋದು. ಎಲೆ ಮುಂದೆ ಕೂತಿರೋನ್ನ ಬುಟ್ಟು ಎಂಗೆ ಓಗ್ಲಿ? ಜನ ಏನಂದಾರು?"

"ಜನ ಏನೂ ಅನ್ನೋದಿಲ್ಲ. ಅವರೂ ನಟರೇ."

"ನಾವಂತೀವಿ ಸಾ!" ಎಂದು ಪಂಕ್ತಿಯ ಆ ತುದಿಯಿಂದ ಬಾಯಿ ತುಂಬ ಮುದ್ದೆ ಇಟ್ಟುಕೊಂಡೇ ಯಾರೋ ಕೂಗಿದರು.

ನಾನು ಅಪ್ಪನ ಹತ್ತಿರ ಹೋಗಿ, ಅವನು ಬಡಿಸಿದರೂ ಪರವಾಗಿಲ್ಲ, ನೀನು ಸಿಟ್ಟಿನಿಂದ ಎದ್ದುಬಿಡು ಎಂದೆ. ಅಪ್ಪ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದ. "ಎಲೆ ಮ್ಯಾಲೆ ಬಾಡು ಬಿದ್ದದೆ. ಈಗ ಎದ್ರೆ ತಪ್ಪು ನಂದಾಯ್ತದೆ ಕಣವ್ವ." ಹಾಗೆಂದು ತಿನ್ನತೊಡಗಿದ.

ಎರಡನೇ ಟೇಕಿನಲ್ಲಿ ದೊಡ್ಡಪ್ಪ ಕಷ್ಟಪಟ್ಟು ಮುಖ ಆ ಕಡೆ ತಿರುಗಿಸಿಕೊಂಡೇ ನಡೆದ. ಅವನ ಕೈ ಮಾತ್ರ ಈ ಕಡೆ ಬಂದು ಬಡಿಸಿತು. ಮೂರನೆಯದಕ್ಕೆ ಗುರುಗಳು ಉಪಾಯ ಹೂಡಿ ಬಕೀಟನ್ನೇ ಖಾಲಿ ಮಾಡಿಸಿದರು. ದೊಡ್ಡಪ್ಪ ಅಪ್ಪನ ಎಲೆ ಮುಂದೆ ನಿಂತ, ಬಕೀಟಿನೊಳಗೆ ಬಗ್ಗಿ ನೋಡಿದ, ಕೆರಳಿದ. "ತತ್ತಾರ್ಲಾ ಸಾರ್ನ! ಖಾಲಿ ಬಕೀಟು ಕೊಟ್ಟು ಎಲೆ ಮುಂದೆ ನಿಲ್ಲಿಸ್ಬುಟ್ರಲ್ಲೋ, ಅವತ್ತಿನಂಗೇ!" ಸಾರು ಬರುವ ತನಕ ಅಲ್ಲಾಡಲಿಲ್ಲ. ಅಪ್ಪನೂ ಈ ಸಲ ಕಾದ. ಇದು ಕ್ಯಾಮೆರಾದಲ್ಲಿ ದಾಖಲಾಗಿಲ್ಲ. ಗುರುಗಳು ಅಷ್ಟರಲ್ಲಿ ಕಟ್ ಎಂದಿದ್ದರು. ಇಡೀ ಚಿತ್ರೀಕರಣದಲ್ಲಿ ಕಥೆ ಎಂಬುದೇನಾದರೂ ನಡೆದಿದ್ದರೆ ಅದು ಆಗ ನಡೆದದ್ದು.

ನಾಲ್ಕನೆಯದಕ್ಕೆ ಕೊನೆಯ ದೃಶ್ಯವನ್ನೇ ಇಟ್ಟುಕೊಂಡೆವು. ಅಪ್ಪ ಆ ಒಂದು ವಾಕ್ಯ ಹೇಳಬೇಕು. ಅಪ್ಪನಿಗೆ ಮಾತು ಬಾಯಿಪಾಠವಾಗಿತ್ತು. ಕರುವಿನ ಮುಂದೆ ಹೇಳಿ ಅಭ್ಯಾಸ ಮಾಡಿದ್ದನ್ನು ನಾನೇ ಕೇಳಿದ್ದೆ. ದೊಡ್ಡಪ್ಪ ಬಂದು ನಿಂತ. ಹೊಟ್ಟೆ ತುಂಬಿದ್ದ ಅಪ್ಪ ಎಲೆಯ ಮೇಲೆ ಅಡ್ಡ ಕೈ ಹಿಡಿದ. ನಮ್ಮಲ್ಲಿ ಬಾಯಿ ಬಿಟ್ಟು ಸಾಕು ಎನ್ನುವವರೆಗೆ ಬಡಿಸುವವನು ಮುಂದಕ್ಕೆ ಹೋಗುವುದಿಲ್ಲ. ದೊಡ್ಡಪ್ಪ ಸೌಟು ಬಾಗಿಸಿಕೊಂಡೇ ಕಾದ. ಸಾಲೆಲ್ಲ ಅಗಿಯುವುದನ್ನು ನಿಲ್ಲಿಸಿತು. ಕ್ಯಾಮೆರಾದ ಹಿಂದಿನಿಂದ ನಾನು ತುಟಿ ಆಡಿಸಿ ಮಾತು ಹೇಳಿಕೊಟ್ಟೆ. ಅಪ್ಪ ನನ್ನನ್ನು ನೋಡಿದ, ಮಾತಾಡಲಿಲ್ಲ. ಬಿಸಿ ಸಾರು ಹನಿಹನಿಯಾಗಿ ಅವನ ಅಂಗೈ ಹಿಂಬದಿಗೆ ಬಿತ್ತು. ಕೈ ತೆಗೆಯಲೂ ಇಲ್ಲ. ಕೊನೆಗೆ ದೊಡ್ಡಪ್ಪನೇ ಮುಂದಕ್ಕೆ ಹೋದ.

ಮಟನ್ ಮುಗಿದದ್ದರಿಂದ ಶೂಟಿಂಗೂ ಮುಗಿಯಿತು. ರಾತ್ರಿ ಸುಟ್ಟ ಕೈಗೆ ಬೆಣ್ಣೆ ಹಚ್ಚಿಸಿಕೊಳ್ಳುತ್ತಾ ಅಪ್ಪ, "ಅಷ್ಟು ಜನದ್ ಮುಂದೆ ಆಡಿದ್ ಮಾತು ಆಡ್ದಂಗೇ ಲೆಕ್ಕ. ಆಕ್ಟಿಂಗು ಗೀಕ್ಟಿಂಗು ಅಂತ ವಾಪಸ್ ತಕಳಕ್ಕಾದದಾ?" ಎಂದ. ಅವ್ವ ಬೆಣ್ಣೆಯ ಬಟ್ಟಲನ್ನು ನೆಲದ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟಳು.

ಹಾಳಾದದ್ದು ಏನೂ ಇಲ್ಲ, ಸಿನಿಮಾ ಹುಟ್ಟುವುದೇ ಎಡಿಟಿಂಗಿನಲ್ಲಿ ಎಂದು ಗುರುಗಳು ನಗುತ್ತ ಸಮಾಧಾನ ಹೇಳಿದರು. ಕೈ ತೊಳೆಯಲು ಎದ್ದುಹೋಗಿದ್ದ ಯಾರದೋ ಎಲೆಯನ್ನು ದಾಟಿಕೊಂಡು ದೊಡ್ಡಪ್ಪ ಹೋಗುತ್ತಿರುವ ತುಣುಕೊಂದು ಸಿಕ್ಕಿತು. ಅದರ ಪಕ್ಕಕ್ಕೆ, ಗುರುಗಳು ದೃಶ್ಯ ವಿವರಿಸುವುದನ್ನು ಕೇಳುತ್ತಿದ್ದಾಗ ಅಪ್ಪನ ಮುಖದಲ್ಲಿದ್ದ ಅಸಹ್ಯವನ್ನು ಜೋಡಿಸಿದರು. ಎಂಥ ಅವಮಾನ! ಕೊನೆಯ ಮಾತಿಗೆ ಅಪ್ಪನ ಬೆನ್ನು ತೋರಿಸಿ, ನಿದ್ದೆ ಹೋಗಿದ್ದ ಆ ಬೆಸಗರಹಳ್ಳಿಯವನ ದನಿಯಲ್ಲಿ, "ಅಣ್ಣಾ, ಇನ್ನೊಂದು ಮುದ್ದೆ ಹಾಕು" ಸೇರಿಸಿದರು. ನೋಡಿ ನನಗೇ ಕಣ್ಣು ತುಂಬಿತು. ಅಷ್ಟು ಚೆನ್ನಾಗಿತ್ತು.

ಪ್ರದರ್ಶನ ಮದ್ದೂರಿನ ಕಲ್ಯಾಣ ಮಂಟಪವೊಂದರಲ್ಲಿ. ಅಪ್ಪ ಮುಂದಿನ ಸಾಲಿನ ಈ ತುದಿ, ದೊಡ್ಡಪ್ಪ ಆ ತುದಿ, ನಡುವೆ ಅವ್ವ ಮತ್ತು ಊರವರು. ತೆರೆಯ ಮೇಲೆ ದೊಡ್ಡಪ್ಪ ಎಲೆ ಬಿಟ್ಟು ಮುಂದಕ್ಕೆ ಹೋದ. ಸಭೆ "ಥೂ" ಎಂದಿತು. ದೊಡ್ಡಪ್ಪ ಎದ್ದು ನಿಂತ. "ನಾನೆಲ್ಲಿ ಬುಟ್ಟು ಓದೆ?" ಎಂದು ತೆರೆಯನ್ನೇ ಕೇಳಿದ. ಯಾರೋ "ಕೂತ್ಕೊಳಿ, ಮರೆಯಾಯ್ತದೆ" ಎಂದರು.

ಆಗ ಅಪ್ಪ ಎದ್ದ.

"ಬುಟ್ಟಿಲ್ಲ. ನಮ್ಮಣ್ಣ ನಂಗೆ ಮೂರು ಸತಿ ಬಡಿಸ್ದ. ನಾಕ್ನೇ ಸತಿಗೆ ನಾನೇ ಕೈ ಅಡ್ಡ ಇಟ್ಟೆ, ನೋಡಿ ಬೇಕಾರೆ" ಎಂದು ಪ್ರೊಜೆಕ್ಟರಿನ ಬೆಳಕಿಗೆ ಕೈ ಹಿಡಿದು ಬೊಬ್ಬೆಯ ಕಲೆ ತೋರಿಸಿದ. ಆ ಕೈಯ ನೆರಳು ತೆರೆಯ ತುಂಬ ಬಿದ್ದು ನನ್ನ ಚಿತ್ರ ಮುಚ್ಚಿಹೋಯಿತು. "ಇದು ಸುಳ್ಳು ಸಿನಿಮಾ. ಏಳಣ್ಣ, ಓಗವ."

ಅಷ್ಟರಲ್ಲಿ ಸಿನಿಮಾ ಮುಂದೆ ಓಡಿ, ಬೆಸಗರಹಳ್ಳಿಯವನ ಕಂಠದಲ್ಲಿ ಅಪ್ಪ ಇನ್ನೊಂದು ಮುದ್ದೆ ಕೇಳುತ್ತಿದ್ದ. ಅದನ್ನು ಕೇಳಲು ಇಬ್ಬರೂ ಅಲ್ಲಿರಲಿಲ್ಲ. ಅವ್ವನೂ ಸೆರಗು ಸರಿಮಾಡಿಕೊಂಡು ಹಿಂದೆಯೇ ಹೊರಟಳು. ಬಾಗಿಲಲ್ಲಿ ತಿರುಗಿ ನನ್ನ ಕಡೆ ನೋಡಿ ನಕ್ಕಳೆಂದು ನೆನಪು. ನನ್ನ ನೆನಪು, ಹಾಗಾಗಿ ಎಷ್ಟು ನಂಬಬೇಕೋ ಅಷ್ಟೇ ನಂಬಿ. ನಾನು ಉಳಿಯಬೇಕಾಯಿತು. ಅತ್ಯುತ್ತಮ ಚಿತ್ರಕಥೆಗೆ ನನಗೊಂದು ಫಲಕ, ಅತ್ಯಂತ ಸಹಜ ಅಭಿನಯಕ್ಕೆ ಅಪ್ಪನಿಗೊಂದು ಫಲಕ. ಎರಡನ್ನೂ ನಾನೇ ಇಸಕೊಂಡೆ.

ಮನೆಗೆ ಬಂದಾಗ ಇಬ್ಬರೂ ನಮ್ಮ ಜಗಲಿಯ ಮೇಲೆ ಕೂತು ಮಾತಾಡುತ್ತಿದ್ದರು. ಮಾತೆಲ್ಲ ನನ್ನ ಬಗ್ಗೆಯೇ. ನನ್ನನ್ನು ಕಂಡು ನಿಲ್ಲಿಸಿದರು. ಫಲಕ ಚಾಚಿದರೆ ಅಪ್ಪ ಮುಟ್ಟಲಿಲ್ಲ. ದೊಡ್ಡಪ್ಪ ಆಕಾಶ ನೋಡಿದ. ಆಮೇಲೆ ಅಪ್ಪ ಗೂಟದ ಕಡೆ ತಿರುಗಿ ಕರುವನ್ನು ಕೇಳಿದ: "ಸಿನಿಮಾದವ್ಳು ಉಂಡವ್ಳಂತಾ, ಕೇಳೋ."