ಸಂಕದ ಬಿರುಕಿಗೊಂದು ಅಡಿಗೆರೆ

ನಲವತ್ತರ ದಶಕದ ಮೊದಲಲ್ಲಿ ನಾನು ಮಂಗಳೂರಿನಲ್ಲಿ ರೈಲ್ವೆ ಇಂಜಿನಿಯರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಹುಟ್ಟಾ ಪುಕ್ಕಲಿ ನಾನು. ಕಾಗದ ಸ್ವಲ್ಪ ಓರೆಯಾಗಿ ಸಿಕ್ಕಿಕೊಂಡರೂ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅದರಲ್ಲೂ ಅಡಿಗೆರೆ ಎಂದರೆ ಪ್ರಾಣಸಂಕಟ. ಸಾಹೇಬರು ಕರಡಿನಲ್ಲಿ ಪೆನ್ಸಿಲಿನಿಂದ ಗೀಟೆಳೆದ ಮಾತನ್ನು ಟೈಪು ಮಾಡಿ, ಮತ್ತೆ ಹಿಂದಕ್ಕೆ ಬಂದು, ಅದರ ಕೆಳಗೆ ಗೆರೆ ಕುಟ್ಟಬೇಕು. ಜೋರಾಗಿ ಕುಟ್ಟಿದರೆ ಕಾಗದ ಹರಿಯುತ್ತದೆ, ಮೆಲ್ಲಗೆ ಕುಟ್ಟಿದರೆ ಕಾರ್ಬನ್ ಪ್ರತಿಯಲ್ಲಿ ಮೂಡುವುದಿಲ್ಲ.

ಈ ಗೆರೆಗಳ ಮೇಲೆ ನನ್ನದೇ ಒಂದು ಸಂಶೋಧನೆಯೂ ನಡೆದಿತ್ತು. ಕೆಲಸವಿಲ್ಲದ ಮಧ್ಯಾಹ್ನ ಹಳೆಯ ಫೈಲು ಬಿಚ್ಚಿ, ಮೇಲಿನ ಕಚೇರಿಯವರು ಯಾವ ಮಾತಿಗೆ ಉತ್ತರ ಬರೆದಿದ್ದಾರೆ ಎಂದು ಹುಡುಕುತ್ತಿದ್ದೆ. ಗೆರೆ ಇದ್ದ ಮಾತಿಗೆ ಮಾತ್ರ! ಉಳಿದದ್ದನ್ನು ಆ ಪುಣ್ಯಾತ್ಮರು ಓದಿದಂತೆಯೇ ಇರಲಿಲ್ಲ. ಹೆಡ್ ಕ್ಲಾರ್ಕರಿಗೆ ಹೇಳಿದರೆ ನಕ್ಕುಬಿಟ್ಟರು.

"ಅದು ಗೊತ್ತಾಗ್ಲಿಕ್ಕೆ ನಿಮಗೆ ಇಷ್ಟು ಸಮಯ ಬೇಕಾಯ್ತಾ ಬಾಯಮ್ಮ?"

ಆ ಮಳೆಗಾಲ ಮುಗಿದ ಮೇಲೆ ಕೆಳಸೇತುವೆಗಳ ತಪಾಸಣೆಯ ವರದಿ ನನ್ನ ಮೇಜಿಗೆ ಬಂತು. ಮೇಲೆ ರೈಲು, ಕೆಳಗೆ ದಾರಿ; ಊರಿನವರು ಅದನ್ನು ಸಂಕ ಎನ್ನುತ್ತಾರೆ. ಒಂದು ಸಂಕದ ಕಮಾನಿನ ಕೆಂಪುಕಲ್ಲು ಬಿರುಕು ಬಿಟ್ಟಿದೆ, ಗಾರೆ ಉದುರುತ್ತಿದೆ ಎಂದು ಸಾಹೇಬರು ಬರೆದಿದ್ದರು. ಅದಕ್ಕೆ ಗೆರೆ ಇರಲಿಲ್ಲ. ಗೆರೆ ಇದ್ದದ್ದು ಮುಂದಿನ ಸಾಲಿಗೆ: ಕೆಳಗೆ ಕೂತು ಮಾರುವವರಿಂದ ದಾರಿಗೆ ಅಡ್ಡಿ, ಅವರನ್ನು ಎಬ್ಬಿಸಬೇಕು.

ಅಲ್ಲಿ ನೆರಳಿಗೆ ಕೂತು ಬಸಳೆ, ಹರಿವೆ ಮಾರುತ್ತಿದ್ದವಳು ನನ್ನ ತಾಯಿ. ಕಚೇರಿಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

ಎಬ್ಬಿಸುತ್ತಾರೆ, ಸರಿ, ಮರುದಿನ ಅವಳು ಹೋಗಿ ಅಲ್ಲೇ ಕೂರುತ್ತಾಳೆ, ಅವಳ ಹಟ ನನಗೆ ಗೊತ್ತಿಲ್ಲವೇ? ಬಿರುಕನ್ನು ಕೇಳುವವರೇ ಇಲ್ಲ. ಅಷ್ಟರಲ್ಲಿ ರೈಲಿನ ಸಿಳ್ಳು ಕೇಳಿಸಿತು. ಸಾಹೇಬರು ಹಾಕದ ಗೆರೆಯನ್ನು ಟೈಪಿಸ್ಟ್ ಹಾಕುವಂತಿರಲಿಲ್ಲ.

"ಅವರನ್ನೇ ಕೇಳ್ತೇನೆ" ಎಂದು ಎದ್ದೆ.

"ನಿಮಗೆಂತ ಮರ್ಲಾ, ತಲೆ ಸರಿ ಉಂಟಾ?" ಹೆಡ್ ಕ್ಲಾರ್ಕರು ಗಾಬರಿಬಿದ್ದರು. "ಅವರು ಬರೆದದ್ದನ್ನು ನೀವು ತಿದ್ಲಿಕ್ಕೆ ಹೋಗುವುದಾ? ಕೆಲಸ ಬೇಡವಾ?"

ಬೇಕಿತ್ತು. ಆ ಕೆಲಸ ಬಿಟ್ಟರೆ ನಮಗೆ ಗತಿಯಿರಲಿಲ್ಲ. ಆದರೂ ಒಳಗೆ ಹೋಗಿ, ಬಿರುಕಿನ ಸಾಲಿಗೂ ಗೆರೆ ಹಾಕಲೇ ಎಂದು ಕೇಳಿದೆ.

"ಎಲ್ಲದಕ್ಕೂ ಗೆರೆ ಎಳೆದರೆ ಗೆರೆಗೆ ಎಂತ ಬೆಲೆ?" ಎಂದು ಸಾಹೇಬರು ಗದರಿದರು.

"ಸರ್, ಅದರ ಕೆಳಗೆ ಬಸಳೆ ಮಾರುವುದು ನನ್ನ ತಾಯಿ" ಎಂದುಬಿಟ್ಟೆ. ಕಿವಿಯೆಲ್ಲ ಬಿಸಿಯಾಯಿತು. ಅವರು ಪೆನ್ಸಿಲ್ ತೆಗೆದು ಬಿರುಕಿನ ಸಾಲಿಗೂ ಗೆರೆ ಎಳೆದರು. ಇನ್ನೊಂದು ಗೆರೆಯನ್ನು ಅಳಿಸಲಿಲ್ಲ. ಅಳಿಸಿ ಎನ್ನುವಷ್ಟು ಧೈರ್ಯ ನನಗೂ ಉಳಿದಿರಲಿಲ್ಲ.

ನನ್ನ ಸಂಶೋಧನೆ ಸುಳ್ಳಾಗಲಿಲ್ಲ. ಮೊದಲು ಮಾರುವವರನ್ನು ಎಬ್ಬಿಸಿದರು, ಆಮೇಲೆ ಗಾರೆಯವರು ಬಂದರು. ತಾಯಿ ದಾರಿಯ ಆಚೆ ಬದಿಯಲ್ಲಿ, ಸುಡುವ ಬಿಸಿಲಿನಲ್ಲಿ, ತಲೆಗೆ ಸೆರಗು ಹೊದ್ದು ಕೂತಿದ್ದಳು. ಬೈಗುಳ ತಿನ್ನಲು ತಯಾರಾಗಿಯೇ ಹೋಗಿ, ನಡೆದದ್ದನ್ನೆಲ್ಲ ಹೇಳಿದೆ.

"ನಿನ್ನ ಕೆಲಸ ಉಂಟಲ್ಲ?" ಎಂದಳು.

"ಉಂಟು."

ದೊಡ್ಡದೊಂದು ಉಸಿರು ಬಿಟ್ಟಳು. "ಬಸಳೆ ಮೇಲೆ ಗಾರೆ ಬೀಳ್ತಿತ್ತು ಮಗಾ, ದಿನಾ ಕೊಡವ್ತಿದ್ದೆ. ನಿನಗೆ ಹೇಳಿದ್ರೆ ನೀನು ಅಲ್ಲಿ ಬಾಯಿಬಿಟ್ಟು ಕೆಲಸ ಕಳ್ಕೊಳ್ತಿ ಅಂತ ಸುಮ್ಮನಿದ್ದೆ."

ನನಗೆ ಸಿಟ್ಟು ನೆತ್ತಿಗೇರಿತು. "ತಲೆ ಮೇಲೆ ಕಲ್ಲು ಬಿದ್ದಿದ್ರೆ ಎಂತ ಮಾಡ್ತಿದ್ದಿ ಮಾಂಯ್?" ಎಂದು ನಡುದಾರಿಯಲ್ಲೇ ಕೂಗಾಡಿದೆ. ದಾರಿಹೋಕರೆಲ್ಲ ತಿರುಗಿ ನೋಡಿದರು.

"ಮೊದಲು ಕೂತ್ಕೋ, ಬಿಸಿಲುಂಟು" ಎಂದು ಅವಳು ಸೆರಗು ಎತ್ತಿ ಹಿಡಿದಳು. ಕಚೇರಿಯ ಸೀರೆಯಲ್ಲೇ, ಬಸಳೆ ಕಟ್ಟುಗಳ ಪಕ್ಕ, ಅವಳ ಸೆರಗಿನ ಅಡಿಯಲ್ಲಿ ಕೂತೆ.